ಲಕ್ಷ್ಮಣರಾವ ಕಿರ್ಲೋಸ್ಕರರು: ಕಬ್ಬಿಣದ ನೇಗಿಲು ಕಲಿಸಿದ ಪಾಠ

ಕೃಷ್ಣೆಯ ದಂಡೆಯ ಕುಡಚಿ, ಉಗಾರಗಳಿಂದ ಹಿಡಿದು ದೂಧಗಂಗೆ, ವೇದಗಂಗೆಗಳ ಬಯಲಿನವರೆಗೆ ಹಬ್ಬಿರುವ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳು ಕನ್ನಡ ನಾಡಿನ ಸಂಪನ್ನ ಸೀಮೆಗಳಲ್ಲಿ ಗಣಿಸಲ್ಪಡುತ್ತವೆ. ಇಲ್ಲಿಯ ಕಬ್ಬು ಹಲವು ಸಕ್ಕರೆ ಕಾರಖಾನೆಗಳಿಗೆ ಆಹಾರವಾಗಿದೆ. ನಿಪ್ಪಾಣಿಯ ತಂಬಾಕು ದೇಶದ ಪೇಟೆಗಳಲ್ಲಿ ಹೆಸರು ಪಡೆದಿದೆ. ಅಥಣಿಯ ಚರ್ಮಕಾರರು ಹೊಲಿದ ಚಪ್ಪಲಿಗಳು ಕೊಲ್ಹಾಪುರದ ಹೆಸರಿನಿಂದ ಪರದೇಶಗಳಿಗೂ ಹೋಗುತ್ತವೆ. ಭೂಮಿಯೂ ನೀರೂ ದುಡಿಯುವ ಕೈಗಳೂ ಇಲ್ಲಿವೆ. ಆದರೂ ಕಬ್ಬನ್ನು ಅರೆಯುವ ಯಂತ್ರ, ನೀರನ್ನೆತ್ತುವ ಪಂಪು, ಹೊಲವನ್ನುಳುವ ಟ್ರ್ಯಾಕ್ಟರು ಇವೆಲ್ಲ ಬಹುಮಟ್ಟಿಗೆ ಬೇರೆ ಊರುಗಳಿಂದಲೇ ನಮಗೆ ಬರುತ್ತಿವೆ. ಯಂತ್ರವನ್ನು ಕೊಂಡ ಮಾತ್ರಕ್ಕೆ ಯಂತ್ರವಿದ್ಯೆ ನಮ್ಮದಾಗುವದೇ ಎಂಬ ಪ್ರಶ್ನೆ ಇಲ್ಲಿಯ ಸುಶಿಕ್ಷಿತರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇದೆ. ಹೊಸದಾಗಿ ಸ್ವತಂತ್ರವಾದ ಏಶಿಯಾ, ಆಫ್ರಿಕಾ ಖಂಡಗಳ ಎಷ್ಟೋ ರಾಷ್ಟ್ರಗಳು ಇದೇ ಪ್ರಶ್ನೆಯನ್ನು ಎದುರಿಸಿವೆ. ಇದಕ್ಕೆ ಉತ್ತರವನ್ನು ದೂರದ ಗ್ರಂಥಗಳಲ್ಲಿ ಹುಡುಕುವ ಮೊದಲು, ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಹುಟ್ಟಿ ಆ ಉತ್ತರವನ್ನು ತಮ್ಮ ಬಾಳಿನಿಂದಲೇ ಬರೆದ ಪುರುಷರೊಬ್ಬರ ಚರಿತ್ರೆಯನ್ನು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ. ಅವರೇ ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ನೆಯ ಇಸವಿಯ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಆದ್ಯ ಪ್ರವರ್ತಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು, ಇದೇ ಮನೆತನದವರು. ಮನೆಯ ಮಾತು ಮರಾಠಿಯಾದರೂ ಹುಟ್ಟಿದ ನೆಲ ಕನ್ನಡದ್ದು, ಸುತ್ತಲಿನ ಒಕ್ಕಲಿಗರು ಕನ್ನಡಿಗರು. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ನಿಷ್ಣಾತರು. ಇಂಥ ಮನೆಯ ಹುಡುಗನು ಓದಿ ಬರೆದು ಸರಕಾರೀ ಚಾಕರಿಗೆ ಸೇರುವದೇ ಆ ಕಾಲದ ರೂಢಿ. ಆದರೆ ಈ ಹುಡುಗನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವದರಲ್ಲಿಯೂ ಆಸಕ್ತಿ ಹೆಚ್ಚು. ಕೈಯಿಂದ ಮಾಡುವ ಕೆಲಸವು ಪಂಡಿತರ ಮನೆತನಕ್ಕೆ ಹೊಂದತಕ್ಕದ್ದಲ್ಲವೆಂಬ ಭಾವನೆ ದಟ್ಟವಾಗಿದ್ದ ದಿನಗಳಲ್ಲಿ ಅವರು ಆ ದಾರಿಯನ್ನೇ ಹಿಡಿದರು. ಅವರ ಜೀವಿತದ ಮೊದಲನೆಯ ಧೈರ್ಯ ಇದೇ ಎಂದು ನಾವು ಭಾವಿಸುತ್ತೇವೆ.

1885ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳ ಭೇದವು ತಮ್ಮ ಕಣ್ಣಿಗೆ ಸರಿಯಾಗಿ ತಿಳಿಯದೆಂಬ ಸಂಗತಿ ಅಲ್ಲಿ ಹೊರಬಿದ್ದಿತು. ವರ್ಣಚಿತ್ರದ ಆಸೆಯನ್ನು ಬಿಡಬೇಕಾಯಿತು. ಬೇರೊಬ್ಬರಾಗಿದ್ದರೆ ಊರಿಗೆ ಮರಳುತ್ತಿದ್ದರು. ಇವರಾದರೋ ಬಣ್ಣ ಬೇಡದ ಚಿತ್ರಕಲೆಯನ್ನು, ಅಂದರೆ ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕೈಕೊಂಡರು. ಮುಂದೆ ಮುಂಬಯಿಯಲ್ಲಿ ಹೊಸದಾಗಿ ತೆರೆದಿದ್ದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದೇ ವಿಷಯದ ಶಿಕ್ಷಕರೂ ಆದರು. ನಕ್ಷೆ ಬಲ್ಲವನಿಗೆ ಯಂತ್ರವು ಒಳಗಿನಿಂದ ಕಾಣುತ್ತದೆ. ಯಾವ ಭಾಗವು ಯಾವದರ ಮೇಲೆ ಭಾರ ಹಾಕುತ್ತದೆ, ಯಾವದು ಮೊದಲು ಸವೆಯುತ್ತದೆ, ಯಾವದನ್ನು ಬೇರೆ ಲೋಹದಿಂದ ಮಾಡಬಹುದು ಎಂಬದೆಲ್ಲ ಕಾಗದದ ಮೇಲೆಯೇ ತಿಳಿಯುತ್ತದೆ. ಪರದೇಶದ ಯಂತ್ರವನ್ನು ನೋಡಿ ನಮ್ಮಲ್ಲಿ ಅಂಥದನ್ನೇ ಮಾಡಬೇಕೆನ್ನುವವನಿಗೆ ಇದಕ್ಕಿಂತ ಉಪಯುಕ್ತವಾದ ವಿದ್ಯೆ ಇನ್ನೊಂದಿಲ್ಲ.

ಅದೇ ಕಾಲಕ್ಕೆ ಮುಂಬಯಿಯ ಬೀದಿಗಳಲ್ಲಿ ಸೈಕಲ್ಲು ಕಾಣಿಸಿಕೊಂಡಿತು. ಲಕ್ಷ್ಮಣರಾಯರು ಅದನ್ನು ಕಂಡು ಮೆಚ್ಚಿ, ಬೆಳಗಾವಿಯಲ್ಲಿದ್ದ ಅಣ್ಣ ರಾಮಚಂದ್ರರಾಯರ ಜೊತೆಗೂಡಿ 1888ರಲ್ಲಿ ಅಲ್ಲಿ ಸೈಕಲ್ಲಿನ ಅಂಗಡಿಯನ್ನು ಹೂಡಿದರು. ತಮ್ಮನು ಮುಂಬಯಿಯಲ್ಲಿ ಕೊಂಡು ಕಳಿಸುವದು, ಅಣ್ಣನು ಬೆಳಗಾವಿಯಲ್ಲಿ ಮಾರುವದು ಮತ್ತು ಗಿರಾಕಿಗೆ ಹತ್ತಿ ನಡೆಸಲು ಕಲಿಸುವದು, ಹೀಗೆ ವ್ಯಾಪಾರ ನಡೆಯಿತು. ಕಿರ್ಲೋಸ್ಕರ ಬಂಧುಗಳೆಂಬ ಹೆಸರು ಅಂದಿನಿಂದ ಬಂದದ್ದು. ಸೈಕಲ್ಲನ್ನು ಮಾರಿದವನು ಅದರ ದುರಸ್ತಿಯನ್ನೂ ಮಾಡಬೇಕಾಗುತ್ತದೆ. ಮುರಿದ ಭಾಗವು ಇಂಗ್ಲಂಡದಿಂದ ಬರುವವರೆಗೆ ಗಿರಾಕಿಯು ಕಾಯಲಾರನು, ಆದುದರಿಂದ ಆ ಭಾಗವನ್ನು ಇಲ್ಲಿಯೇ ಮಾಡುವ ಉಪಾಯ ಹುಡುಕಬೇಕಾಗುತ್ತದೆ. ದುರಸ್ತಿಯಿಂದ ಬಿಡಿಭಾಗಕ್ಕೆ, ಬಿಡಿಭಾಗದಿಂದ ಇಡಿಯ ಯಂತ್ರಕ್ಕೆ ಏರುವ ಮೆಟ್ಟಲುಗಳು ಇವೇ. ಉದ್ಯೋಗಶೀಲ ರಾಷ್ಟ್ರಗಳಲ್ಲಿ ಬಹುತೇಕ ಎಲ್ಲವೂ ಈ ಮೆಟ್ಟಲುಗಳನ್ನು ಹತ್ತಿಯೇ ಮೇಲಕ್ಕೆ ಬಂದಿವೆ.

ಮುಂಬಯಿಯ ವಿದ್ಯಾಲಯದಲ್ಲಿ ಲಕ್ಷ್ಮಣರಾಯರಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಬಡತಿಯು ಅವರಿಗೆ ಸಿಕ್ಕದೆ ಆಂಗ್ಲೋ-ಇಂಡಿಯನ್ ಗೃಹಸ್ಥರೊಬ್ಬರಿಗೆ ದೊರೆಯಿತು. ಅರ್ಜಿಗಳನ್ನು ಬರೆಯುತ್ತ ಕೂಡ್ರುವ ಸ್ವಭಾವ ಅವರದಲ್ಲ. ರಾಜೀನಾಮೆಯನ್ನು ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಪರರಾಜ್ಯದಲ್ಲಿ ಇಂಥ ಅನ್ಯಾಯವು ಸಾವಿರಾರು ಜನರಿಗೆ ಆಗಿದೆ. ಅನೇಕರು ಅದನ್ನು ನುಂಗಿಕೊಂಡರು, ಕೆಲವರು ರಾಜಕಾರಣಕ್ಕೆ ಇಳಿದರು, ಲಕ್ಷ್ಮಣರಾಯರು ಕಾರಖಾನೆಯನ್ನು ಕಟ್ಟಲು ಹೊರಟರು. ಬೆಳಗಾವಿಯಲ್ಲಿ ಒಂದು ಸಣ್ಣ ಲೇಥ್ ಯಂತ್ರ, ಒಂದು ರಂಧ್ರ ಕೊರೆಯುವ ಯಂತ್ರ, ಬೆರಳೆಣಿಕೆಯ ಕೆಲಸಗಾರರು, ಇಷ್ಟೇ ಆರಂಭದ ಭಾಂಡವಲು. ಆದರೆ ಅಮೇರಿಕದ ಯಂತ್ರೋದ್ಯಮದ ನಿಯತಕಾಲಿಕಗಳನ್ನೂ ಕಂಪನಿಗಳ ಮಾಲುಪಟ್ಟಿಗಳನ್ನೂ ಅವರು ತಪ್ಪದೆ ತರಿಸಿ ಓದುತ್ತಿದ್ದರು. ಅಲ್ಲಿ ಅಚ್ಚಾದ ಚಿತ್ರವನ್ನು ಇಲ್ಲಿಯ ಕಂಬಾರನ ಕೈಗೆ ಎಟಕುವ ನಕ್ಷೆಯಾಗಿ ಮಾರ್ಪಡಿಸುವದೇ ಅವರ ನಿತ್ಯದ ಕೆಲಸವಾಯಿತು. ಹೀಗೆ ಮೊದಲು ಹೊರಬಿದ್ದದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನವು ಎಲೆ ತಿಂದು ದಂಟನ್ನು ಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಮೇವು ಉಳಿಯುತ್ತದೆ. ಮೇಲಿಂದ ಮೇಲೆ ಬರಕ್ಕೆ ಗುರಿಯಾಗುವ ಸೀಮೆಯಲ್ಲಿ ಇದರ ಬೆಲೆಯನ್ನು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅನಂತರ ಬಂದದ್ದು ಕಬ್ಬಿಣದ ನೇಗಿಲು. ಈ ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳುವದು ಅವಶ್ಯವಾಗಿದೆ. ನಮ್ಮ ಎರೆ ಭೂಮಿಯಲ್ಲಿ ತಲೆತಲಾಂತರದಿಂದ ನಡೆದುಬಂದ ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತದೆ, ಆದರೆ ಹೊರಳಿಸುವದಿಲ್ಲ. ಕಬ್ಬಿಣದ ನೇಗಿಲು ಮಣ್ಣಿನ ಹೆಂಟೆಯನ್ನು ಕೊಯ್ದು ಮಗುಚಿಹಾಕುತ್ತದೆ. ಕಳೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ, ಮೇಲಿನ ಕಸವು ಒಳಗೆ ಹೋಗಿ ಗೊಬ್ಬರವಾಗುತ್ತದೆ, ಮಳೆಯ ನೀರು ಆಳಕ್ಕೆ ಇಂಗುತ್ತದೆ. ಕಬ್ಬಿನಂಥ ಆಳ ಬೇರಿನ ಬೆಳೆಗೆ ಇಂಥ ಉಳುಮೆಯೇ ಬೇಕು. ವಿಲಾಯತಿಯ ನೇಗಿಲುಗಳು ಮುಂಬಯಿ ಪ್ರಾಂತಕ್ಕೆ ಮೊದಲೇ ಬಂದಿದ್ದವು, ಆದರೆ ಸಾಮಾನ್ಯ ರೈತನ ಹೊಲವನ್ನು ಮುಟ್ಟಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಕ್ಷ್ಮಣರಾಯರು ಬೆಳಗಾವಿಯಲ್ಲಿಯೇ ಅಂಥ ನೇಗಿಲುಗಳನ್ನು ತಯಾರಿಸಿದರು. ಆದರೆ ಕೊಳ್ಳುವವರಿಲ್ಲ. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವು. ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನಂಬಿದ್ದರಂತೆ.

ಈ ನಂಬಿಕೆಯನ್ನು ಎತ್ತಿ ತೋರಿಸಿ ರೈತನ ಅಜ್ಞಾನವನ್ನು ಹಾಸ್ಯ ಮಾಡುವದು ಸುಶಿಕ್ಷಿತರಲ್ಲಿ ವಾಡಿಕೆಯಾಗಿದೆ. ಆ ಹಾಸ್ಯಕ್ಕೆ ನಮ್ಮ ಸಮ್ಮತಿಯಿಲ್ಲ. ಕಟ್ಟಿಗೆಯ ನೇಗಿಲನ್ನು ಊರ ಬಡಿಗೇರನು ಕೆತ್ತಿಕೊಡುತ್ತಿದ್ದನು, ಅದರ ಕುಳವನ್ನು ಊರ ಕಂಬಾರನು ಬಡಿದುಕೊಡುತ್ತಿದ್ದನು. ಸುಗ್ಗಿಯಲ್ಲಿ ಅವರಿಗೆ ಕಾಳಿನ ಆಯ ಅಳೆದರೆ ವರ್ಷದ ಲೆಕ್ಕ ತೀರಿತು. ಹೊಸ ನೇಗಿಲಿಗೆ ರೋಖ ಹಣ ಬೇಕು. ಅದು ಮುರಿದರೆ ಬಡಿಗೇರನಿಂದಲೂ ಆಗದು, ಕಂಬಾರನಿಂದಲೂ ಆಗದು. ಕುಳ ಸವೆದರೆ ಬಿತ್ತಿಗೆಯ ಹೊತ್ತಿನಲ್ಲಿ ಯಾರ ಬಾಗಿಲಿಗೆ ಹೋಗಬೇಕು? ಎಳೆಯಲು ಹೆಚ್ಚಿನ ಎತ್ತುಗಳನ್ನು ಎಲ್ಲಿಂದ ತರಬೇಕು? ರೈತನ ಅವಿಶ್ವಾಸದ ಹಿಂದೆ ಇಂಥ ಲೆಕ್ಕಗಳೂ ಇರಲೇಬೇಕು. ಲಕ್ಷ್ಮಣರಾಯರ ದೊಡ್ಡತನವು ಈ ಲೆಕ್ಕವನ್ನು ಅರಿತುಕೊಂಡದ್ದರಲ್ಲಿದೆ. ಹೊಲಕ್ಕೆ ಹೋಗಿ ಉತ್ತು ತೋರಿಸುವದು, ಜಾತ್ರೆ ಮತ್ತು ಪ್ರದರ್ಶನಗಳಲ್ಲಿ ಇಡುವದು, ಕುಳ ಮೊದಲಾದ ಸವೆಯುವ ಭಾಗಗಳು ರೈತನ ಕೈಗೆ ಸಿಗುವಂತೆ ಮಾಡುವದು, ಇವು ನೇಗಿಲನ್ನು ಎರಕ ಹೊಯ್ಯುವಷ್ಟೇ ಮಹತ್ವದ ಕೆಲಸಗಳಾಗಿದ್ದವು. ಕೊಂಡವನಿಗೆ ಬಿಡಿಭಾಗವು ಸಿಗದ ಯಂತ್ರವು ಬೇಗನೆ ಅಡಗೂಲಜ್ಜಿಯ ಮನೆಯ ಮೂಲೆಯ ಕಬ್ಬಿಣವಾಗುತ್ತದೆ. ಸರಕಾರದ ಯೋಜನೆಗಳಿಂದ ಹಳ್ಳಿಗಳಿಗೆ ಬಂದು ತುಕ್ಕು ಹಿಡಿದು ಕುಳಿತ ಎಷ್ಟೋ ಯಂತ್ರಗಳನ್ನು ನೋಡಿದವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ನೇಗಿಲಿಗೆ ಕ್ರಮೇಣ ಬೇಡಿಕೆ ಹುಟ್ಟುತ್ತಿದ್ದ ಸಮಯದಲ್ಲಿಯೇ ಬೆಳಗಾವಿಯ ನೆಲೆ ತಪ್ಪಿತು. ಊರಿನ ವಿಸ್ತರಣೆಗಾಗಿ ಕಾರಖಾನೆಯ ಜಾಗವು ಬೇಕೆಂದು ಮುನಸಿಪಾಲಿಟಿಯಿಂದ ಹುಕುಮು ಬಂದಿತು. ಹುಕುಮು ಕೊಟ್ಟವರಿಗೆ ಅದು ಹಲವು ಕಡತಗಳಲ್ಲಿ ಒಂದಾಗಿದ್ದೀತು. ಬೆಳಗಾವಿಗೆ ಅದರಿಂದ ಆದ ನಷ್ಟವನ್ನು ಅಂದು ಯಾರೂ ಎಣಿಸಿರಲಿಕ್ಕಿಲ್ಲ. ಆಗ ಲಕ್ಷ್ಮಣರಾಯರ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತಪ್ರತಿನಿಧಿಯವರು. ಔಂಧವು ಸುಮಾರು ಎಪ್ಪತ್ತು ಹಳ್ಳಿಗಳ ಸಣ್ಣ ಸಂಸ್ಥಾನ, ಬೊಕ್ಕಸವೂ ಸಣ್ಣದು. ಆದರೂ ಆ ಅರಸರು ಕುಂಡಲ ರೋಡ ರೇಲ್ವೆ ಸ್ಟೇಶನ್ನಿನ ಬಳಿ 32 ಎಕರೆ ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. ಸಾಮ್ರಾಜ್ಯದ ಆಡಳಿತಕ್ಕೆ ಒಳಪಟ್ಟ ಜಿಲ್ಲಾಸ್ಥಳದಲ್ಲಿ ನಿಲ್ಲಲು ಜಾಗವಿಲ್ಲದ ಉದ್ಯಮಕ್ಕೆ ಒಬ್ಬ ಸಣ್ಣ ಅರಸರ ರಾಜ್ಯದಲ್ಲಿ ಆಸರೆ ದೊರೆಯಿತು.

1910ರಲ್ಲಿ ಲಕ್ಷ್ಮಣರಾಯರು ಸುಮಾರು 25 ಜನ ಕೆಲಸಗಾರರನ್ನೂ ಅವರ ಕುಟುಂಬಗಳನ್ನೂ ಕಟ್ಟಿಕೊಂಡು ಆ ಬಯಲಿಗೆ ಹೋದರು. ಪಾಪಾಸುಕಳ್ಳಿ ಮತ್ತು ಹಾವುಗಳ ಹೊರತು ಅಲ್ಲಿ ಏನೂ ಇರಲಿಲ್ಲ. ಕಳ್ಳಿಯನ್ನು ಕಡಿದು ನೆಲವನ್ನು ಹಸನುಗೊಳಿಸಿ ಕಾರಖಾನೆಯನ್ನೂ ಮನೆಗಳನ್ನೂ ಕಟ್ಟಿದರು. ಕುಂಡಲ ರೋಡ ಎಂಬ ಸ್ಟೇಶನ್ನಿಗೆ ಮುಂದೆ ಕಿರ್ಲೋಸ್ಕರವಾಡಿ ಎಂಬ ಹೆಸರೇ ನಿಂತಿತು. ಅಲ್ಲಿ ಕೂಡಿದ ಜನರನ್ನು ನೋಡಬೇಕು. ಎರಕದ ಮನೆ ನಡೆಸಿದ ಶಂಭುಅಣ್ಣಾ ಜಾಂಭೇಕರರಾಗಲಿ, ಲೆಕ್ಕಪತ್ರ ನೋಡಿದ ಮಂಗೇಶರಾವ ರೇಗೆಯವರಾಗಲಿ ಪದವಿಗಳಿಂದ ಹೆಸರಾದವರಲ್ಲ, ಕೆಲಸದಿಂದ ಹೆಸರಾದವರು. ಶಿಕ್ಷೆ ಮುಗಿಸಿ ಬಂದ ಕೈದಿಗಳಿಗೂ ಲಕ್ಷ್ಮಣರಾಯರು ಕೆಲಸ ಕೊಟ್ಟರು, ಅವರನ್ನು ರಾತ್ರಿಯ ಕಾವಲಿಗೂ ನೇಮಿಸಿದರು. ಅಸ್ಪೃಶ್ಯತೆಗೆ ತಮ್ಮ ವಾಡಿಯಲ್ಲಿ ಸ್ಥಳವಿಲ್ಲವೆಂದು ನಡೆದು ತೋರಿಸಿದರು. ಯಂತ್ರದ ಮುಂದೆ ನಿಂತವನ ಜಾತಿಯನ್ನು ಕೇಳುತ್ತ ಕುಳಿತರೆ ಕಾರಖಾನೆಯು ನಡೆಯುವದಿಲ್ಲ. ಪರದೇಶದಿಂದ ವಿದ್ಯೆಯನ್ನು ತರುವವರು ಸ್ವದೇಶದಲ್ಲಿ ಆ ವಿದ್ಯೆಯ ಬಾಗಿಲನ್ನು ಕೆಲವರಿಗೆ ಮುಚ್ಚಿದರೆ ಅದು ಬೆಳೆಯುವದಾದರೂ ಎಂತು?

ಕಿರ್ಲೋಸ್ಕರವಾಡಿಯು ನಮ್ಮ ಈ ತಾಲೂಕುಗಳಿಗೆ ದೂರದ ಊರಲ್ಲ. ಚಿಕ್ಕೋಡಿ ರೋಡ, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿ ಮಿರಜೆಗೆ ಹೋಗುವ ರೇಲ್ವೆಯೇ ಮುಂದೆ ಪುಣೆಯ ದಾರಿಯಲ್ಲಿ ಆ ಸ್ಟೇಶನ್ನನ್ನು ಮುಟ್ಟುತ್ತದೆ. ಕೃಷ್ಣೆಯ ಎರಡೂ ದಂಡೆಗಳ ಭೂಮಿ ಒಂದೇ ಬಗೆಯದು, ಬೆಳೆಗಳೂ ಒಂದೇ ಬಗೆಯವು. ಆದುದರಿಂದ ನೇಗಿಲಿನ ಬೆನ್ನಲ್ಲಿ ಅಲ್ಲಿ ತಯಾರಾದ ಕಬ್ಬಿಣದ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಮೊದಲಾದವೆಲ್ಲ ಈ ಸೀಮೆಯ ಒಕ್ಕಲುತನಕ್ಕೆ ನೇರವಾಗಿ ಸಂಬಂಧಿಸಿದವು. ಕಟ್ಟಿಗೆಯ ಗಾಣದಲ್ಲಿ ಸಿಪ್ಪೆಯೊಡನೆ ಎಷ್ಟೋ ರಸವು ಹಾಳಾಗುತ್ತಿತ್ತು. ಕಬ್ಬಿಣದ ಉರುಳೆಗಳ ಗಾಣವನ್ನು 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬ ಊರಿನಲ್ಲಿ ಇಬ್ಬರು ಆಂಗ್ಲರು ಪ್ರಚಾರಕ್ಕೆ ತಂದರು, ಅಲ್ಲಿಂದ ಅದು ದೇಶದಲ್ಲೆಲ್ಲ ಹರಡಿತು. ಲಕ್ಷ್ಮಣರಾಯರು ಹೊಸತೇನನ್ನೋ ಕಂಡುಹಿಡಿದರೆಂದು ನಾವು ಹೇಳುವದಿಲ್ಲ. ಇದ್ದುದನ್ನು ಇಲ್ಲಿಯ ಎತ್ತಿಗೆ, ಇಲ್ಲಿಯ ಕಬ್ಬಿಗೆ, ಇಲ್ಲಿಯ ರೈತನ ಕಿಸೆಗೆ ಹೊಂದಿಸಿದರು. ಹಿಂದುಳಿದ ದೇಶವು ಮುಂದೆ ಬರುವದಕ್ಕೆ ಮೊದಲು ಬೇಕಾದ ಬುದ್ಧಿ ಇದೇ ಆಗಿದೆ.

1914ರಲ್ಲಿ ಯುರೋಪದ ಮಹಾಯುದ್ಧವು ಆರಂಭವಾಯಿತು. ಪರದೇಶದ ಮಾಲು ಬರುವದು ನಿಂತದ್ದರಿಂದ ಸ್ವದೇಶೀ ಕಾರಖಾನೆಗಳಿಗೆ ಪೇಟೆ ದೊರೆತದ್ದೇನೋ ನಿಜ. ಆದರೆ ಕಚ್ಚಾ ಕಬ್ಬಿಣವೂ ಕಲ್ಲಿದ್ದಲೂ ಸಿಗದಾದವು. ನೇಗಿಲು ಸ್ವದೇಶಿಯಾದರೂ ಅದರ ಕಬ್ಬಿಣಕ್ಕೆ ಪರರ ಕೈ ಕಾಯಬೇಕಾದರೆ ಆ ಸ್ವದೇಶಿಯು ಅರೆಬರೆಯದೇ ಎಂಬದು ಆಗ ಎಲ್ಲರಿಗೂ ತಿಳಿಯಿತು. ಆ ಸಂಕಟದಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಕೋಟೆಯ ಹಳೆಯ ತೋಪುಗಳನ್ನು ಲಕ್ಷ್ಮಣರಾಯರಿಗೆ ಕೊಟ್ಟರು. ಯುದ್ಧಕ್ಕಾಗಿ ಎರಕ ಹೊಯ್ದ ತೋಪುಗಳು ಕರಗಿ ನೇಗಿಲುಗಳಾದವು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಅರಸರ ಕಾಲವನ್ನು ನೆನೆಯುವ ಅಲ್ಲಿಯ ಜನರಿಗೆ ಈ ಸಂಗತಿಯೂ ನೆನಪಿನಲ್ಲಿರತಕ್ಕದ್ದು. ಆಂಗ್ಲ ಸರಕಾರವು ಇಲ್ಲಿಯ ಉದ್ಯೋಗಧಂದೆಗಳನ್ನು ಕುರಿತು ವಿಚಾರಿಸಲು ಕೈಗಾರಿಕಾ ಆಯೋಗವನ್ನು ನೇಮಿಸಿದ್ದು 1916ರಲ್ಲಿ, ಯುದ್ಧದ ಪೆಟ್ಟು ತಗಲಿದ ಮೇಲೆ. ಅದಕ್ಕೂ ಮೊದಲು ಆಗಿದ್ದ ಕೆಲಸವೆಲ್ಲ ಇಂಥ ವ್ಯಕ್ತಿಗಳ ಹಟದಿಂದಲೂ ಕೆಲವು ದೇಶೀಯ ಅರಸರ ಔದಾರ್ಯದಿಂದಲೂ ಆದದ್ದು.

1920ರಲ್ಲಿ ಕಿರ್ಲೋಸ್ಕರ ಬಂಧುಗಳ ಉದ್ಯಮವು ಲಿಮಿಟೆಡ್ ಕಂಪನಿಯಾಯಿತು. ಮಗ ಶಂತನುರಾಯರನ್ನು ಲಕ್ಷ್ಮಣರಾಯರು ಅಮೇರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಕಳಿಸಿದ್ದರು. ಅವರು ಯಂತ್ರಶಾಸ್ತ್ರದ ಪದವಿಯೊಡನೆ 1926ರಲ್ಲಿ ಮರಳಿದರು. ತಂದೆಯು ಮಾಲುಪಟ್ಟಿಯ ಚಿತ್ರಗಳನ್ನು ನೋಡಿ ಕಲಿತದ್ದನ್ನು ಮಗನು ಮೂಲದಲ್ಲಿಯೇ ಕಲಿತು ಬಂದರು. ಆದರೆ ಮರಳಿ ಬರಲು ಅವರಿಗೊಂದು ಕಾರಖಾನೆ ಇದ್ದಿತೆಂಬದನ್ನು ಮರೆಯಬಾರದು. ಪರದೇಶದಲ್ಲಿ ಕಲಿತ ತರುಣನಿಗೆ ಸ್ವದೇಶದಲ್ಲಿ ಕೆಲಸದ ನೆಲೆ ಇಲ್ಲದಿದ್ದರೆ ಆ ವಿದ್ಯೆಯು ಪರದೇಶದಲ್ಲಿಯೇ ಉಳಿಯುತ್ತದೆ. ಅದೇ ಕಾಲದ ಸುಮಾರಿಗೆ ಕಿರ್ಲೋಸ್ಕರವಾಡಿಯಲ್ಲಿ ಕೇಂದ್ರಾಪಗಾಮಿ ಪಂಪುಗಳೂ ಎಣ್ಣೆಯ ಎಂಜಿನ್ನುಗಳೂ ತಯಾರಾಗತೊಡಗಿದವು. ಬಾವಿಯ ಮೊಟ್ಟೆಯನ್ನು ಎತ್ತುಗಳು ಎಳೆಯುತ್ತಿದ್ದ ಹೊಲಗಳಿಗೆ ಎಂಜಿನ್ನು ಮತ್ತು ಪಂಪು ಬಂದದ್ದರಿಂದ ಕೃಷ್ಣಾತೀರದ ಒಕ್ಕಲುತನದ ರೂಪವೇ ಬದಲಾಯಿತು. ನದಿಯ ನೀರು ದಂಡೆಯನ್ನೇರಿತು, ನೀರಿನ ಹಿಂದೆ ಕಬ್ಬು ಬಂದಿತು, ಕಬ್ಬಿನ ಹಿಂದೆ ಸಕ್ಕರೆ ಕಾರಖಾನೆಗಳು ಬಂದವು. ಇಂದು ಕಾಗವಾಡ ತಾಲೂಕಿನಲ್ಲಿರುವ ಉಗಾರ ಖುರ್ದದ ಸಕ್ಕರೆ ಕಂಪನಿಯು 1939ರಲ್ಲಿಯೇ ಸ್ಥಾಪಿತವಾಯಿತು.

ಯಂತ್ರವನ್ನು ಮಾಡುವ ಯಂತ್ರವು ಕೈಗೆ ಬರುವವರೆಗೆ ಉದ್ಯಮವು ಸ್ವತಂತ್ರವಾಗುವದಿಲ್ಲ. ಲೇಥ್ ಯಂತ್ರಗಳಿಗಾಗಿ ಪರದೇಶವನ್ನು ನಂಬುವ ದೇಶವು ಯಾವ ಕ್ಷಣದಲ್ಲಿಯೂ ಕೈಚೆಲ್ಲಿ ಕೂಡ್ರಬೇಕಾದೀತು. ಇದನ್ನು ಕಿರ್ಲೋಸ್ಕರರು ಅರಿತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿಯು ಸ್ಥಾಪನೆಯಾಗಿ ಲೇಥ್ ಯಂತ್ರಗಳನ್ನು ತಯಾರಿಸಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರಖಾನೆಯೂ ಪುಣೆಯಲ್ಲಿ ಎಣ್ಣೆಯ ಎಂಜಿನ್ನುಗಳ ಕಾರಖಾನೆಯೂ ಹುಟ್ಟಿದವು. ಇವುಗಳಿಗೆ ಇಂಗ್ಲಂಡದ ಕಂಪನಿಗಳ ಸಹಕಾರವನ್ನು ಕರಾರಿನಿಂದ ಪಡೆಯಲಾಯಿತು. ಆದರೆ ಆ ಕರಾರಿಗೆ ಕೂಡ್ರುವ ಹೊತ್ತಿಗೆ ಕಿರ್ಲೋಸ್ಕರರ ಬೆನ್ನಿಗೆ ಅರ್ಧ ಶತಮಾನದಷ್ಟು ಕೈಕೆಲಸದ ಅನುಭವವಿದ್ದಿತು. ಏನನ್ನು ಕೇಳಬೇಕು, ಯಾವದು ತಮಗೆ ಬೇಡ, ಕೊಟ್ಟ ನಕ್ಷೆಯಲ್ಲಿ ಎಲ್ಲಿ ಬದಲು ಮಾಡಬೇಕು ಎಂಬದು ಗೊತ್ತಿದ್ದವನಿಗೆ ಮಾತ್ರ ಪರರ ಸಹಕಾರದಿಂದ ಲಾಭವುಂಟು. ಏನೂ ತಿಳಿಯದವನು ಮಾಡಿಕೊಂಡ ಕರಾರು ಅವನನ್ನು ಗಿರಾಕಿಯನ್ನಾಗಿಯೇ ಉಳಿಸುತ್ತದೆ.

ಜಪಾನದ ಒಂದು ಉದಾಹರಣೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ಲಕ್ಷ್ಮಣರಾಯರಿಗಿಂತ ಎರಡು ವರ್ಷ ಮೊದಲು, 1867ರಲ್ಲಿ, ಅಲ್ಲಿ ಬಡಿಗನ ಮಗನಾಗಿ ಹುಟ್ಟಿದ ಸಾಕಿಚಿ ಟೊಯೊಡಾ ಅವರು 1890ರಲ್ಲಿ ಕಟ್ಟಿಗೆಯ ಕೈಮಗ್ಗವನ್ನು ಸುಧಾರಿಸಿದರು. 1924ರಲ್ಲಿ ಸ್ವಯಂಚಾಲಿತ ಮಗ್ಗವನ್ನು ಸಿದ್ಧಪಡಿಸಿದರು. ಜಗತ್ತಿಗೆ ಬಟ್ಟೆಯ ಯಂತ್ರಗಳನ್ನು ಮಾರುತ್ತಿದ್ದ ಇಂಗ್ಲಂಡದ ಪ್ಲಾಟ್ ಬ್ರದರ್ಸ್ ಕಂಪನಿಯೇ 1929ರಲ್ಲಿ ಆ ಮಗ್ಗದ ಹಕ್ಕನ್ನು ಹಣ ಕೊಟ್ಟು ಕೊಂಡಿತು. ಕಲಿತವನಿಂದ ಗುರುವೇ ಕೊಳ್ಳುವ ಕಾಲವು ಒಂದೇ ಆಯುಷ್ಯದಲ್ಲಿ ಬಂದಿತು. ಆದರೆ ಟೊಯೊಡಾ ಅವರ ಬೆನ್ನಿಗೆ ಸ್ವತಂತ್ರ ರಾಷ್ಟ್ರವೊಂದು, ಅದರ ಶಾಲೆಗಳು, ಅದರ ಬ್ಯಾಂಕುಗಳು ಇದ್ದವು. ಲಕ್ಷ್ಮಣರಾಯರ ಬೆನ್ನಿಗಿದ್ದದ್ದು ಸಣ್ಣ ಸಂಸ್ಥಾನ, ಸುತ್ತಲೂ ಇದ್ದದ್ದು ಪರರ ಆಡಳಿತ. ಹೀಗಿದ್ದೂ ಅವರು ಮುಟ್ಟಿದ ಎತ್ತರವನ್ನು ಕಂಡರೆ, ಸ್ವರಾಜ್ಯದ ಆಸರೆ ಆಗಲೇ ಇದ್ದಿದ್ದರೆ ಈ ನಾಡು ಎಲ್ಲಿ ಇರುತ್ತಿತ್ತೆಂಬ ವಿಚಾರವು ಮನಸ್ಸನ್ನು ಹೊಕ್ಕದೆ ಇರದು.

ಸ್ವರಾಜ್ಯವು ಬಂದ ಮರುವರ್ಷವೇ ಲಕ್ಷ್ಮಣರಾಯರು ಕಠಿಣ ಪರೀಕ್ಷೆಗೆ ಒಳಗಾದರು. 1948ರಲ್ಲಿ ಮಹಾತ್ಮಾ ಗಾಂಧಿಯವರ ಹತ್ಯೆಯಾದ ಬಳಿಕ ಆ ಪ್ರಾಂತದಲ್ಲಿ ಬ್ರಾಹ್ಮಣರ ಮನೆಮಾರುಗಳ ಮೇಲೆ ಜನರ ಗುಂಪುಗಳು ಏರಿಹೋದವು. ಕಿರ್ಲೋಸ್ಕರವಾಡಿಯ ಕಾರಖಾನೆಗೂ ಬೆಂಕಿ ಬಿದ್ದಿತು. ಹತ್ಯೆಯೊಡನೆ ಯಾವ ಸಂಬಂಧವೂ ಇಲ್ಲದ, ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುತ್ತಿದ್ದ ಶಾಲೆಯಂಥ ಸ್ಥಳವು ಹೊತ್ತಿ ಉರಿಯಿತು. ಎಪ್ಪತ್ತೊಂಬತ್ತರ ಹೊಸ್ತಿಲಲ್ಲಿದ್ದ ವೃದ್ಧರಿಗೆ ಇದನ್ನು ಕಾಣುವ ಪ್ರಸಂಗ ಬಂದಿತು. ಆದರೆ ಸುಟ್ಟದ್ದು ಕಟ್ಟಡಗಳೂ ಯಂತ್ರಗಳೂ ಮಾತ್ರ. ಕೆಲಸಗಾರರ ಕೈಯಲ್ಲಿದ್ದ ವಿದ್ಯೆ ಸುಡಲಿಲ್ಲ. ಕಾರಖಾನೆಯು ಮತ್ತೆ ಎದ್ದು ನಿಂತಿತು. ಕೊಂಡು ತಂದ ಯಂತ್ರಗಳು ಮಾತ್ರ ಇದ್ದ ಊರಾಗಿದ್ದರೆ ಅದು ಅಂದೇ ಮುಗಿದುಹೋಗುತ್ತಿತ್ತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ದಿವಂಗತರಾದರು. ಅದೇ ವರ್ಷದ ನವೆಂಬರದಲ್ಲಿ ಅವರ ಹುಟ್ಟೂರು ಏಕೀಕೃತ ಕನ್ನಡ ರಾಜ್ಯವನ್ನು ಸೇರಿತು. ಅವರ ಜನ್ಮಶತಾಬ್ದಿಯಾದ 1969ರಲ್ಲಿ ಭಾರತ ಸರಕಾರವು ಅವರ ಅಂಚೆಚೀಟಿಯನ್ನು ಹೊರಡಿಸಿ ಗೌರವಿಸಿತು.

ಚರಿತ್ರೆಯನ್ನು ಬರೆಯುವವರು ಹೊಗಳಿಕೆಯಲ್ಲಿಯೇ ನಿಲ್ಲಬಾರದು. ಒಮ್ಮೆ ಕಲಿತ ವಿದ್ಯೆಯು ಎಂದೆಂದಿಗೂ ಸಾಕಾಗುವದಿಲ್ಲವೆಂಬದನ್ನೂ ಇದೇ ಮನೆತನದ ಉದ್ಯಮದ ಕಥೆ ತೋರಿಸುತ್ತದೆ. ಹರಿಹರಕ್ಕೆ ಕೀರ್ತಿಯನ್ನು ತಂದ ಲೇಥ್ ಕಾರಖಾನೆಯು ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅದನ್ನೇ ನಂಬಿದ್ದ ಕುಟುಂಬಗಳು ಕಷ್ಟಕ್ಕೆ ಈಡಾದವು. ಗಣಕಯಂತ್ರದಿಂದ ನಡೆಯುವ ಹೊಸ ಬಗೆಯ ಯಂತ್ರಗಳು ಬಂದುದೂ ಪರದೇಶದ ಮಾಲಿಗೆ ಪೇಟೆಯು ತೆರೆದುದೂ ಇಡಿಯ ಆ ಉದ್ಯಮವನ್ನೇ ಇಕ್ಕಟ್ಟಿಗೆ ಸಿಕ್ಕಿಸಿದ್ದವು. ಲಕ್ಷ್ಮಣರಾಯರು ಮಾಲುಪಟ್ಟಿಗಳನ್ನು ಓದುವದನ್ನು ನೇಗಿಲು ಮಾರಾಟವಾದ ದಿನ ನಿಲ್ಲಿಸಿರಲಿಲ್ಲ. ಕಲಿಯುವದು ನಿಂತ ದಿನದಿಂದಲೇ ಯಂತ್ರವು ಹಳೆಯದಾಗತೊಡಗುತ್ತದೆ.

ಇನ್ನು ನಮ್ಮ ಐದು ತಾಲೂಕುಗಳ ಮಾತು. ಚಿಕ್ಕೋಡಿ, ನಿಪ್ಪಾಣಿಗಳ ತರುಣರು ಗಡಿಯಾಚೆಯ ಕಾಗಲ, ಕೊಲ್ಹಾಪುರ, ಇಚಲಕರಂಜಿಗಳ ಕಾರಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಗಡಿಯ ಜಗಳದ ಕಣ್ಣಿನಿಂದ ನೋಡುವದು ನಮಗೆ ಸಮ್ಮತವಲ್ಲ. ಅವರು ಅಲ್ಲಿ ಕಲಿತದ್ದು ಒಂದು ದಿನ ಇಲ್ಲಿಗೆ ಬರಬೇಕು, ಬರಲು ಅವರಿಗೆ ನೆಲೆ ಇರಬೇಕು. ಬೆಳಗಾವಿಯಲ್ಲಿ ಇಂದು ಎರಕದ ಕಾರಖಾನೆಗಳು ಅನೇಕವಿವೆ. ಆ ವಿದ್ಯೆಯು ಕೃಷ್ಣಾತೀರಕ್ಕೂ ಬರುವದು ಅಸಾಧ್ಯವೇನಲ್ಲ. ಸಕ್ಕರೆ ಕಾರಖಾನೆಯು ತನ್ನ ಯಂತ್ರಗಳ ದುರಸ್ತಿಯನ್ನು ಸ್ಥಳದಲ್ಲಿಯೇ ಮಾಡಿಸಲು ನಿಶ್ಚಯಿಸಿದರೆ ಅದರ ನೆರಳಿನಲ್ಲಿ ಹತ್ತು ಕಾರ್ಯಶಾಲೆಗಳು ಬೆಳೆಯುತ್ತವೆ. ಸರಕಾರೀ ಕೈಗಾರಿಕಾ ತರಬೇತಿ ಸಂಸ್ಥೆಯ ಹುಡುಗನು ಹಂಗಾಮು ಮುಗಿದ ತಿಂಗಳುಗಳಲ್ಲಿ ಅಲ್ಲಿ ಯಂತ್ರ ಬಿಚ್ಚಿ ಜೋಡಿಸುವ ಅವಕಾಶ ಪಡೆದರೆ, ಅವನ ಪ್ರಮಾಣಪತ್ರಕ್ಕೆ ಅರ್ಥ ಬರುತ್ತದೆ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಲಿಕ ಗುರುತಿನ ಮಾನ್ಯತೆಯು ದೊರೆತಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿದೆ. ಆ ಮಾನ್ಯತೆಯ ಫಲವು ಅಥಣಿಯ ಚರ್ಮಕಾರನಿಗೆ ಮುಟ್ಟಬೇಕಾದರೆ ಚರ್ಮ ಹದಮಾಡುವ ಹೊಸ ವಿದ್ಯೆಯೂ ಅಳತೆಯ ಶಿಸ್ತೂ ಅವನ ಅಂಗಳಕ್ಕೇ ಬರಬೇಕು, ಅವನು ಪರರಿಗೆ ಕೂಲಿಯಾಗಿ ಹೋಗುವಂತಾಗಬಾರದು.

ಅಧಿಕಾರಿಗಳಿಗೆ ನಮ್ಮದೊಂದು ವಿನಂತಿಯಿದೆ. ಯಾವದೇ ಯಂತ್ರಕ್ಕೆ ಸಾರ್ವಜನಿಕ ಹಣವನ್ನು ಮಂಜೂರು ಮಾಡುವಾಗ ಅದರ ಬೆಲೆಯ ಜೊತೆಗೆ ಇನ್ನೂ ಮೂರು ಸಂಗತಿಗಳನ್ನು ವಿಚಾರಿಸಿ ನೋಡಲಿ: ಅದನ್ನು ಇಲ್ಲಿ ದುರಸ್ತಿ ಮಾಡುವವರಾರು, ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ, ಅದರಿಂದ ಇಲ್ಲಿಯ ಎಷ್ಟು ಜನರು ಕೆಲಸ ಕಲಿಯುತ್ತಾರೆ. ಹಾಗೆಯೇ ಊರ ವಿಸ್ತರಣೆಗಾಗಿಯೋ ರಸ್ತೆಗಾಗಿಯೋ ಒಂದು ಸಣ್ಣ ಕಾರ್ಯಶಾಲೆಯನ್ನು ಎಬ್ಬಿಸುವ ಹುಕುಮಿಗೆ ಸಹಿ ಹಾಕುವ ಮುನ್ನ, ಅದು ಎಲ್ಲಿಗೆ ಹೋಗಬೇಕೆಂಬದನ್ನೂ ಗೊತ್ತುಮಾಡಲಿ. ಒಂದು ನೂರು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ಯಾರೂ ಆ ವಿಚಾರ ಮಾಡಲಿಲ್ಲ. ಆದುದರಿಂದ ನಮ್ಮ ಜಿಲ್ಲೆಯಲ್ಲಿ ಮೊಳೆತ ಗಿಡವು ಪರರ ಹೊಲದಲ್ಲಿ ಮರವಾಯಿತು. ಗುರ್ಲಹೊಸೂರಿನ ಆ ಕರ್ತೃತ್ವಶಾಲಿಯನ್ನು ನೆನೆಯುವ ಯೋಗ್ಯ ರೀತಿಯೆಂದರೆ, ಇನ್ನೊಬ್ಬ ಲಕ್ಷ್ಮಣರಾಯರು ಈ ಸೀಮೆಯಲ್ಲಿ ಹುಟ್ಟಿದರೆ ಅವರು ಊರು ಬಿಡಬೇಕಾಗದಂತೆ ನೋಡಿಕೊಳ್ಳುವದು.